ಬಲಗಡೆಯ ಕೂಗು

ಮಾರ್ಚ್ 6, ಬೂದಿ ಬುಧವಾರ

ಉಪವಾಸ. ಸಂಜೆ ತನಕ ಬರೀ ನೀರು. ಆಡಿಗೆ ಸೊಪ್ಪು ಹಾಕಿದೆ, ಅಂಗಳ ಗುಡಿಸಿದೆ, ಕಾಫಿಬೀಜ ಚಾಪೆ ಮೇಲೆ ಹರಡಿದೆ. ಆಮೇಲೆ ಚರ್ಚಿನ ಗುರುಗಳ ನೇರಳೆ ನಿಲುವಂಗಿ ಇಸ್ತ್ರಿ. ಇದ್ದಿಲು ಹಸಿ… ಹೊಗೆಯೆಲ್ಲ ಕಣ್ಣಿಗೆ. ತೆರೆಸ ಆಸ್ಪತ್ರೆಗೆ ಹೊರಡ್ತಾ, "ಅತ್ತೆ, ನೀರಾದ್ರೂ ಕುಡೀತಾ ಇರು. ಅಲ್ಲೆಲ್ಲೋ ಬಿದ್ದು ನನ್ನ ವಾರ್ಡಿಗೇ ಬರಬೇಡ" ಅಂದಳು. ಅಣ್ಣನ ಮಗಳು. ನಾನೇ ಸಾಕಿದ್ದು. ನರ್ಸ್ ಆದ ಮೇಲೆ ತಾನೇ ನನ್ನನ್ನು ಸಾಕಿದ ಹಾಗೆ ಮಾತು.

ಹಣೆಗೆ ಬೂದಿ ಹಚ್ಚಿಸಿಕೊಂಡೆ. ಪೂಜೆ ಮುಗಿದ ಮೇಲೆ ಫಾದರ್ ಬೊನಿಫನ್ಸಿ ಸುದ್ದಿ ಹೇಳಿದರು. 1987ರಲ್ಲಿ ನಮ್ಮ ಬುಸೆನ್ಯಿ ಚರ್ಚಿನ ಗಾನವೃಂದ ಹಾಡಿದ ಮೃತರ ಪೂಜೆ — ಅದರ ಮೂಲ ಟೇಪು ಹಾಲೆಂಡಿನಲ್ಲಿ ಒಂದು ಪೆಟ್ಟಿಗೆಯೊಳಗೆ ಸಿಕ್ಕಿದೆಯಂತೆ. ಕಂಪಾಲದಿಂದ ಒಬ್ಬರು ಬಂದು ಅದನ್ನು ಹೊಸದು ಮಾಡ್ತಾರೆ. ಈಸ್ಟರ್ ಹಬ್ಬ ಆದ ಮೇಲೆ ರೇಡಿಯೋದಲ್ಲಿ ಹಳೇದರ ಬದಲು ಅದೇ ಬರುತ್ತೆ.

"ಹಾಡು ಹೊಸದು ಮಾಡೋದು ಅಂದ್ರೇನು ಫಾದರ್?" ಅಂತ ಹಿಂದಿನ ಸಾಲಿಂದ ಯಾರೋ. ಫಾದರ್ ನನ್ನ ಕಡೆ ಕೈ ಮಾಡಿ, "ಫೆರೆಸಿಟಮ್ಮ ನನ್ನ ಬಟ್ಟೆಗೆ ಮಾಡ್ತಾರಲ್ಲ, ಅದೇ. ಒಗೆಯೋದು, ಕಲೆ ತೆಗೆಯೋದು, ಇಸ್ತ್ರಿ" ಅಂದರು. ಎಲ್ಲ ನಕ್ಕರು. ನಾನೂ ನಕ್ಕೆ.

ಹಾಡಿದವರಲ್ಲಿ ಈ ಊರಲ್ಲಿ ಉಳಿದವಳು ನಾನೊಬ್ಬಳು. ಹಾಡಿಸಿದ ಲವುಲೆನ್ಸಿಯೊ ಮೇಷ್ಟ್ರು ಇದ್ದಾರೆ, ಆದರೆ ಕಿವಿ ಮಂದ. ಯಾರು ಎಲ್ಲಿ ನಿಂತಿದ್ದರು ಅಂತ ಹೇಳೋಕೆ ನೀವೇ ಜೊತೆಗಿರಬೇಕು ಅಂದರು ಫಾದರ್. ಆಗಲಿ ಅಂದೆ. ಬೇರೆ ಏನು ಹೇಳಲಿ.

ಮಾರ್ಚ್ 7, ಗುರುವಾರ

ಸಂತ ಪೆರೆಪೆತುವ, ಸಂತ ಫೆರೆಸಿಟ — ಇಬ್ಬರದೂ ಇವತ್ತೇ ಹಬ್ಬ. ಜೊತೆಗೇ ಪ್ರಾಣ ಕೊಟ್ಟವರು. ನನಗೂ ನನ್ನ ಗೆಳತಿ ಪೆರೆಪೆತುವಳಿಗೂ ಇದೇ ದಿನ ಒಂದೇ ನೀರಲ್ಲಿ ಜ್ಞಾನಸ್ನಾನ ಆಗಿದ್ದು, ಅದಕ್ಕೇ ಈ ಹೆಸರು. ನಾನು ಫೆರೆ, ಅವಳು ಪೆರೆ. ಒಬ್ಬಳನ್ನು ಕರೆದರೆ ಇಬ್ಬರೂ ಓಡಿ ಬರ್ತಿದ್ದೆವು.

ಮೂವತ್ತೆರಡು ವರ್ಷದಿಂದ ಈ ದಿನ ಅವಳ ಹೆಸರಲ್ಲಿ ಒಂದು ಜಪಸರ ಹೇಳ್ತೀನಿ. ಜಪಸರ ಸುಲಭ.

ಮಾರ್ಚ್ 12, ಮಂಗಳವಾರ

ಕಂಪಾಲದವರು ಬಂದರು. ಹೆಸರು ಸೆಮ್ಮಾಂಡ. ನಲವತ್ತು ದಾಟಿದೆ, ಬೋಳುತಲೆ, ಮೆತ್ತಗಿನ ಮಾತು. ನಾನು ಮಂಡಿಯೂರಿ ನಮಸ್ಕಾರ ಹೇಳಿದರೆ, "ಏಳಿ ಅಕ್ಕ, ನೆಲ ತಣ್ಣಗಿದೆ" ಅಂದರು. ಪೂಜೆಬಟ್ಟೆ ಇಡೋ ಕೋಣೆಯ ಗೋಡೆಗೆಲ್ಲ ಕಂಬಳಿ ನೇತುಹಾಕಿಸಿದರು. ಶಬ್ದ ಗೋಡೆಗೆ ಬಡಿದು ವಾಪಸು ಬರಬಾರದಂತೆ.

ಮೊದಲು ರೇಡಿಯೋದಲ್ಲಿ ಬರೋದನ್ನೇ ಹಾಕಿದರು. ಕೊನೇ ಹಾಡು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಸತ್ತವರ ಹೆಸರು ಓದೋ ಮುಂಚೆ ಬರುತ್ತಲ್ಲ — ಮೇಲಿನ ಸ್ವರ ಎಳೆದು ನಿಲ್ಲುತ್ತೆ, ಅದರೊಳಗಿಂದ ಹೆಂಗಸಿನ ಗೋಳು ಒಂದು ಏಳುತ್ತೆ, ಆಮೇಲೆ ನಿಶ್ಶಬ್ದ, ಆಮೇಲೆ ಹೆಸರುಗಳು. ಆ ಕೂಗು ಬಂತು ಅಂದರೆ ಪಾತ್ರೆ ತೊಳೆಯೋರ ಕೈ ನಿಲ್ಲುತ್ತೆ.

"ನಮ್ಮಜ್ಜಿ ಹೋದಾಗಲೂ ಇದನ್ನೇ ಹಾಕಿದ್ವಿ" ಅಂದರು ಸೆಮ್ಮಾಂಡ. "ಈ ಕೂಗು ಯಾರದ್ದು ಅಕ್ಕ? ಅವರ ಹೆಸರು ದೊಡ್ಡದಾಗಿ ಹಾಕಬೇಕು."

"ಪೆರೆಪೆತುವಂದು ಅಂತ ಎಲ್ಲರೂ ಹೇಳ್ತಾರೆ" ಅಂದೆ.

ಸುಳ್ಳಲ್ಲ. ಎಲ್ಲರೂ ಹಾಗೇ ಹೇಳೋದು.

ಮಾರ್ಚ್ 13, ಬುಧವಾರ

ಇವತ್ತು ಮೂಲ ಟೇಪು. ನನ್ನ ಎರಡೂ ಕಿವಿಗೆ ಹೆಡ್‌ಫೋನ್ ಕೂರಿಸಿದರು. "ಇಷ್ಟು ದಿನ ನೀವು ಕೇಳಿದ್ದು ಎಲ್ಲ ಕಲೆಸಿದ್ದು ಅಕ್ಕ. ಆವತ್ತು ಎರಡು ಮೈಕ್ ಇಟ್ಟಿದ್ದಾರೆ, ಎಡಕ್ಕೊಂದು, ಬಲಕ್ಕೊಂದು. ಕ್ಯಾಸೆಟ್ ಮಾಡೋವಾಗ ಎರಡನ್ನೂ ಒಂದೇ ಮಡಕೆಗೆ ಸುರಿದುಬಿಟ್ರು. ಇದರಲ್ಲಿ ಇನ್ನೂ ಬೇರೆ ಬೇರೆ ಇವೆ."

ಎಡಗಿವಿಯಲ್ಲಿ ಮೇಲಿನ ಸ್ವರದವರು. ಬಲಗಿವಿಯಲ್ಲಿ ನಾವು, ಕೆಳಗಿನ ಸ್ವರದವರು. ನನ್ನ ಪಕ್ಕದಲ್ಲಿ ನಿಲ್ತಿದ್ದ ಅಗಾತ ಒಂದು ಸಲ ಕೆಮ್ಮಿದಳು. ಅವಳು ಹೋಗಿ ಇಪ್ಪತ್ತು ವರ್ಷ. ತಿರುಗಿ ನೋಡಿಯೇಬಿಟ್ಟೆ.

ಕೊನೇ ಹಾಡು. ಎಡಗಿವಿಯಲ್ಲಿ ಪೆರೆಯ ದನಿ ಮೇಲಕ್ಕೆ ಹೋಗಿ ನಿಂತಿತು. ಆಗ ಬಲಗಿವಿಯಲ್ಲಿ ಕೂಗು — ಇಲ್ಲೇ, ಕೆನ್ನೆಗೆ ಉಸಿರು ತಾಗಿದ ಹಾಗೆ. ಎಡಗಡೆಯಲ್ಲಿ ಅದು ದೂರದ್ದು, ಆಚೆಮನೆಯದ್ದರ ಹಾಗೆ. ಅದರ ಮೇಲೆ ಪೆರೆಯ ಸ್ವರ ಹಾಗೇ ನಿಂತಿದೆ. ಅಲ್ಲಾಡಿಲ್ಲ. ಒಡೆದಿಲ್ಲ.

ಸೆಮ್ಮಾಂಡ ಹುಬ್ಬೇರಿಸಿದರು. "ಪೆರೆಪೆತುವ ಮೇಲಿನ ಸ್ವರ ಅಂದ್ರಲ್ಲ? ಕೂಗು ಬಲಗಡೆಯದ್ದು. ಒಂದೇ ಗಂಟಲಲ್ಲಿ ಎರಡು ಹೇಗೆ ಬರುತ್ತೆ?"

ಇಸ್ತ್ರಿ ಕೆಲಸ ಇದೆ ಅಂತ ಎದ್ದು ಬಂದೆ. ಇಸ್ತ್ರಿ ಇರಲಿಲ್ಲ.

ಮಾರ್ಚ್ 15, ಶುಕ್ರವಾರ. ಶಿಲುಬೆಹಾದಿ ಪ್ರಾರ್ಥನೆ ಮುಗಿಸಿ ಬಂದು, ನಾಲ್ಕು ಗಂಟೆ

ಬರೆದೇಬಿಡ್ತೀನಿ. ಓದೋರು ಯಾರೂ ಇಲ್ಲ.

ಆಗ ಹಾಲೆಂಡಿನ ಫಾದರ್ ಹೆಂಕ್ ಇದ್ದರು. ಮೇಷ್ಟ್ರು ಕಟ್ಟಿದ ಮೃತರ ಪೂಜೆಯನ್ನು ಟೇಪು ಮಾಡ್ಕೊಳ್ತೀನಿ ಅಂದರು. ಊರ ಮುದುಕಿಯರು ಒಪ್ಪಲಿಲ್ಲ. ಹೆಣವಿಲ್ಲದೆ ಹೆಣದ ಪೂಜೆ ಹಾಡಿದರೆ ಸಾವು ಹೆಣ ಹುಡುಕಿಕೊಂಡು ಬರುತ್ತೆ ಅಂದರು. ಆಗ ಮೇಷ್ಟ್ರು ಒಂದು ದಾರಿ ಹೇಳಿದರು. ಯುದ್ಧಕ್ಕೆ ಹೋಗಿ ಹೆಣವೇ ಸಿಗದವರಿಗೆ ಬಾಳೆದಿಂಡು ಹೂಳ್ತೀವಲ್ಲ, ಹಾಗೇ ಒಂದು ದಿಂಡಿಗೆ, ಹೆಣಕ್ಕೆ ಸುತ್ತೋ ಮರದ ತೊಗಟೆಬಟ್ಟೆ ಸುತ್ತಿ ಪೀಠದ ಮುಂದೆ ಮಲಗಿಸೋಣ. ಫಾದರ್ ಹೆಂಕ್ ತಲೆ ಕೆರೆದುಕೊಂಡು, "ಅದು ಕೆಮ್ಮೋದಿಲ್ಲ ತಾನೆ?" ಅಂದರು.

ದಿಂಡು ನಮ್ಮ ತೋಟದ್ದು. ಹೊತ್ತವಳು ನಾನು. ಹದಿನೆಂಟು ವರ್ಷ. ಅಣ್ಣ ಕಿವುಂಬಿ ಬಾಗಿಲ ಬಳಿ ಚಾಪೆ ಮೇಲೆ ಮಲಗಿದ್ದ. ಅವನಿಗೆ ಬಂದಿದ್ದನ್ನು ಜನ ಆಗ ಸಣ್ಣಗಾಗೋ ಕಾಯಿಲೆ ಅಂತಿದ್ದರು, ಹೆಸರು ಹೇಳ್ತಿರಲಿಲ್ಲ. ನನ್ನ ತಲೆ ಮೇಲಿನದ್ದನ್ನು ನೋಡಿ, "ಏನೇ, ಅದು ನನಗಿಂತ ದಪ್ಪ ಇದೆ" ಅಂತ ನಕ್ಕ.

ಮೇಲಿನ ಸ್ವರದವರು ಎಡಗಡೆ, ನಾವು ಬಲಗಡೆ, ಎದುರುಬದುರು. ನಡುವೆ ದಿಂಡು. ನಾನು ಬೆಂಚಿನ ತುದಿಯಲ್ಲಿ. ಕೊನೇ ಸ್ವರ ಹಿಡಿಸೋಕೆ ಮೇಷ್ಟ್ರು ಎಡಕ್ಕೆ ತಿರುಗಿದ್ದರು, ನಮ್ಮ ಕಡೆ ಬೆನ್ನು. ನಾನು ದಿಂಡು ನೋಡಿದೆ. ಅಣ್ಣನಷ್ಟೇ ಉದ್ದ. ಹೊಟ್ಟೆಯೊಳಗಿಂದ ಏನೋ ಬಂತು. ಅಗಾತ ನನ್ನ ಕೈ ಅದುಮಿದಾಗಲೇ ಗೊತ್ತಾಗಿದ್ದು, ಕೂಗಿದ್ದು ನಾನು ಅಂತ.

ಹೆಣದ ಮುಂದೆ ಮಾತ್ರ ಗೋಳಿಡಬೇಕು. ಉಸಿರಾಡೋನಿಗೆ ಗೋಳಿಟ್ಟರೆ ಸಾವನ್ನು ಹೆಸರು ಹಿಡಿದು ಕರೆದ ಹಾಗೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಆ ಕಲ್ಲಿನ ಕಟ್ಟಡದಲ್ಲಿ ದನಿ ಯಾವ ಕಡೆಯದ್ದು ಅಂತ ಅಗಾತ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ, ಅವಳು ಕೊನೆತನಕ ನನ್ನನ್ನು ಬಿಟ್ಟುಕೊಡಲಿಲ್ಲ. ಮೇಷ್ಟ್ರ ಕಣ್ಣಿಗೆ ಬಿದ್ದಿದ್ದು ಪೆರೆ — ಬಾಯಿ ತೆರೆದಿದೆ, ಕೆನ್ನೆ ಮೇಲೆ ನೀರು. ಹಾಡ್ತಾ ಅಳೋದು ಅವಳ ಅಭ್ಯಾಸ. "ಹೊರಗೆ ನಡಿ" ಅಂದರು. "ನಾನಲ್ಲ ಮೇಷ್ಟ್ರೇ" ಅಂದಳು. ಮತ್ತೆ ಹಾಡೋಣ ಅಂದರೆ ಜನರೇಟರಿಗೆ ಎಣ್ಣೆ ಮುಗಿದಿತ್ತು. ಹಾಗೇ ಉಳಿಯಿತು ಟೇಪು.

ಒಂಬತ್ತನೇ ದಿನ ಅಣ್ಣ ಹೋದ. ಪೆರೆ ತೊಗಟೆಬಟ್ಟೆ ಹಿಡಿದುಕೊಂಡು ಮಣ್ಣಿಗೆ ಬಂದಳು. ಅಮ್ಮ ಅಂಗಳದಲ್ಲೇ ತಡೆದಳು. "ಕರೆದವಳು ನೀನೇ, ಹೊತ್ತು ಹಾಕೋಕೂ ಬಂದ್ಯಾ?" ಪೆರೆ ನನ್ನ ಕಡೆ ತಿರುಗಿದಳು. "ಫೆರೆ, ನೀನಾದ್ರೂ ಹೇಳೇ."

ನನ್ನ ಕೈಲಿ ನೀರಿನ ಬೋಗುಣಿ ಇತ್ತು. ನೀರು ನೋಡ್ತಾ ನಿಂತೆ.

ಹೇಳಿದ್ದರೆ ಅಮ್ಮನಿಗೆ ಗೊತ್ತಾಗ್ತಿತ್ತು, ಮಗನನ್ನು ಕರೆದವಳು ಮಗಳು ಅಂತ. ಪೆರೆಗೆ ನಿಶ್ಚಯವಾಗಿದ್ದ ಮದುವೆ ಆ ತಿಂಗಳೇ ಮುರಿಯಿತು. ಸಾವು ಕರೆಯೋ ಬಾಯಿ ನಮ್ಮ ಮನೆಗೆ ಬೇಡ ಅಂದರಂತೆ ಗಂಡಿನವರು. ಅವಳನ್ನು ಲ್ಯಾಂಟೊಂಡೆ ಊರಿನ ಚಿಕ್ಕಮ್ಮನ ಮನೆಗೆ ಕಳಿಸಿದರು.

ಅಮ್ಮ ಹೋಗಿಯೇ ಎಂಟು ವರ್ಷ ಆಯಿತು. ಎಂಟು ವರ್ಷ ಯಾರ ಭಯ ಇತ್ತು ನನಗೆ?

ಮಾರ್ಚ್ 24, ಭಾನುವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆದದ್ದನ್ನು ನೋಡೋಕೇ ಆಗಲಿಲ್ಲ.

ಪೂಜೆ ಆದ ಮೇಲೆ ಸೆಮ್ಮಾಂಡ ಕರೆದರು. ಜನರೇಟರ್ ಗುಂಯ್ ಅನ್ನೋದು ಹೋಗಿದೆ. ಸಣ್ಣ ಮಳೆಯ ಹಾಗೆ ಸದಾ ಇರ್ತಿತ್ತಲ್ಲ ಟೇಪಿನ ಸದ್ದು, ಅದೂ ಇಲ್ಲ. "ಕೆಮ್ಮು ತೆಗೀತೀನಿ" ಅಂದರು. "ಅಗಾತಳ ಕೆಮ್ಮು ಇರಲಿ" ಅಂದೆ. ಆಮೇಲೆ ಬಾಯಿಂದ ಬಂದೇಬಿಟ್ಟಿತು. "ಆ ಕೂಗು ತೆಗೆಯೋಕಾಗುತ್ತಾ?"

"ಆಗುತ್ತೆ. ಆದ್ರೆ ಜನ ಕೇಳೋದೇ ಅದಕ್ಕೆ ಅಕ್ಕ."

"ಪೂಜೆಯಲ್ಲಿ ಅದಿಲ್ಲ. ಮೇಷ್ಟ್ರು ಬರೆದಿಲ್ಲ ಅದನ್ನ."

ನನ್ನ ಮುಖ ಒಂದು ಸಲ ನೋಡಿದರು. ಬಲಗಡೆಯದ್ದು ತೆಗೆದರು, ಎಡಗಡೆ ಇಣುಕಿದ್ದನ್ನೂ ತೆಗೆದರು. ಹತ್ತು ನಿಮಿಷ ಹಿಡೀತು, ಅಷ್ಟೇ. ಕೇಳಿಸಿದರು. ಪೆರೆಯ ಸ್ವರ, ಆಮೇಲೆ ಖಾಲಿ. ಒಗೆದು ಗಂಜಿ ಹಾಕಿದ ಬಿಳೀ ಬಟ್ಟೆ.

ಚೆನ್ನಾಗಿದೆ ಅಂದೆ.

ಭಾನುವಾರ, ಉಪವಾಸ ಇಲ್ಲ. ತೆರೆಸ ಬಾಳೆಕಾಯಿ ಬೇಯಿಸಿ ನೆಲಗಡಲೆ ಗೊಜ್ಜು ಮಾಡಿದ್ದಳು. ತಟ್ಟೆ ಹಾಗೇ ಮುಚ್ಚಿಟ್ಟೆ.

ಮಾರ್ಚ್ 26, ಮಂಗಳವಾರ

ಹಾಡಿದವರ ಹೆಸರು ಹಾಕೋಕೆ ಒಪ್ಪಿಗೆ ಬೇಕಂತೆ. ಬದುಕಿರೋರಿಗೆಲ್ಲ ಸೆಮ್ಮಾಂಡ ಫೋನು ಮಾಡ್ತಿದ್ದರು. ಲ್ಯಾಂಟೊಂಡೆಯ ನಂಬರು ಹೇಗೋ ಹುಡುಕಿದ್ದಾರೆ. ಫೋನು ಮೇಜಿನ ಮೇಲಿಟ್ಟು ಜೋರು ಮಾಡಿದರು. ನಾನು ಒಂದು ಮೊಳ ದೂರದಲ್ಲಿ, ನಿಲುವಂಗಿ ಮಡಚ್ತಾ ಇದ್ದೆ.

"ನನ್ನ ಹೆಸರು ಬೇಡ" ಅಂದಳು ಪೆರೆ. ದನಿ ದಪ್ಪ ಆಗಿದೆ. "ನಾನು ಅದರಲ್ಲಿ ಇರಲೇ ಇಲ್ಲ ಅಂತ ಬರ್ಕೊಳ್ಳಿ."

"ನಿಮ್ಮ ದನಿ ಇದೆಯಲ್ಲಮ್ಮ."

"ಇದ್ರೆ ಒಗೆದು ತೆಗೀರಿ. ಅದಕ್ಕೇ ತಾನೆ ನಿಮ್ಮನ್ನ ಕರೆಸಿರೋದು? ನೋಡಪ್ಪ, ಒಂದು ಗಂಟೆ ಹೊಡೆದ್ರೆ ನಮ್ಮನೇಲಿ ರೇಡಿಯೋ ಆರಿಸ್ತೀವಿ. ಆ ಕೂಗು ಬರುತ್ತಲ್ಲ, ಅದಕ್ಕೆ. ನಮ್ಮಪ್ಪನ ಹೆಸರು ಓದಿದ ದಿನಾನೂ ಆರಿಸಿದ್ದೆ. ಅಪ್ಪ ಹೋಗಿದ್ದು ನನಗೆ ಗೊತ್ತಾಗಿದ್ದೇ ಮಣ್ಣು ಮಾಡಿ ಎರಡು ದಿನ ಆದ ಮೇಲೆ. ಇನ್ನು ಫೋನ್ ಮಾಡಬೇಡಿ."

ಇಟ್ಟಳು. ಸೆಮ್ಮಾಂಡ ನನ್ನ ಕಡೆ ನೋಡದೆ, ತಂತಿ ಸುತ್ತುತ್ತಾ ಕೇಳಿದರು. "ಬಲಗಡೆ ಬೆಂಚಿನ ತುದೀಲಿ ಯಾರು ನಿಲ್ತಿದ್ರು ಅಕ್ಕ?"

"ನಾನು."

ತಲೆ ಆಡಿಸಿದರು. ಕೂಗು ತೆಗೀರಿ ಅಂದ ದಿನವೇ ಗೊತ್ತಾಗಿತ್ತು ಅವರಿಗೆ. "ಎರಡೂ ಥರ ಇಟ್ಟಿರ್ತೀನಿ. ಕೂಗು ಇರೋದು, ಇಲ್ಲದ್ದು. ಪವಿತ್ರ ಗುರುವಾರ ರೇಡಿಯೋದವರಿಗೆ ಒಂದನ್ನ ಕೊಡಲೇಬೇಕು. ಯಾವುದು ಅಂತ ನೀವಿಬ್ರೇ ತೀರ್ಮಾನ ಮಾಡ್ಕೊಳ್ಳಿ."

ಪಾಪನಿವೇದನೆಯಲ್ಲಿ ಎಲ್ಲ ಹೇಳಿದೀನಿ ಇಷ್ಟು ವರ್ಷ. ಸಿಟ್ಟು, ಹೊಟ್ಟೆಕಿಚ್ಚು, ಮಾಂಸ ತಿಂದ ಶುಕ್ರವಾರ. ಇದನ್ನ ಮಾತ್ರ, ಹೇಳಬೇಕಾದ ಕಡೆ ಸುಮ್ಮನಿದ್ದೆ ಫಾದರ್, ಅಂತ ಹೇಳಿ ಮುಗಿಸ್ತಿದ್ದೆ. ಒಬ್ಬ ಗುರುಗಳು, ಹೆಂಗಸರಿಗೆ ಅದು ಒಳ್ಳೇದೇ ಅಂದಿದ್ದರು.

ಮಾರ್ಚ್ 29, ಶುಕ್ರವಾರ

ತೆರೆಸಗೆ ಹೇಳಿದೆ. ಮೊದಲು ಅವಳಿಗೇ ಹೇಳಬೇಕಿತ್ತು, ಅವಳಪ್ಪ ತಾನೆ. ಒಲೆ ಮುಂದೆ ಕೂತು ಎಲ್ಲ ಕೇಳಿದಳು. ಮರಗೆಣಸು ಸುಲಿಯೋದು ನಿಲ್ಲಿಸಲಿಲ್ಲ.

"ಅಪ್ಪ ಕಾಯಿಲೆಯಿಂದ ಸತ್ತಿದ್ದು ಅತ್ತೆ. ಅಮ್ಮನೂ ಮರುವರ್ಷ ಅದರಲ್ಲೇ ಹೋದಳು. ಅವಳಿಗೆ ಯಾರು ಕೂಗಿದ್ರು?"

ಮೂವತ್ತೆರಡು ವರ್ಷ ಹೊತ್ತ ಕಲ್ಲು. ಒಂದು ಮಾತಲ್ಲಿ ಇಳಿಸಿಬಿಟ್ಟಳು. ಹಗುರ ಆಯ್ತು ಅಂತ ಉಸಿರು ಬಿಡೋ ಅಷ್ಟರಲ್ಲಿ ಇನ್ನೊಂದು.

"ಆದ್ರೆ ಪೆರೆಪೆತುವಮ್ಮನಿಗೆ ಆಗಿದ್ದು ಕಾಯಿಲೆ ಅಲ್ಲ. ಅದನ್ನ ಮಾಡಿದ್ದು ನೀನು."

ಹೌದು ಅಂದೆ.

"ಅಜ್ಜಿ ಹೋದ ಮೇಲಾದ್ರೂ ಹೇಳಬಹುದಿತ್ತಲ್ಲ."

ಅದಕ್ಕೂ ಹೌದು ಅಂದೆ. ತಟ್ಟೆ ತಂದು ನನ್ನ ಮುಂದಿಟ್ಟಳು, ಆದರೆ ಜೊತೆಗೆ ಕೂರಲಿಲ್ಲ.

ಏಪ್ರಿಲ್ 3, ಬುಧವಾರ

ಕಾಗದ ಬರೆದೆ. ನಾಲ್ಕು ಸಲ ಹರಿದೆ. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಅಕ್ಷರ. ಕೊನೆಗೆ ಉಳಿದದ್ದು ಇಷ್ಟು:

ಪೆರೆ, ಕೂಗಿದ್ದು ನಾನು. ನಿನಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಮ್ಮನ ಭಯಕ್ಕೆ ಬಾಯಿ ಮುಚ್ಚಿದೆ, ಆಮೇಲೆ ರೂಢಿಗೆ. ಹೊಸ ಟೇಪಲ್ಲಿ ಆ ಕೂಗು ಇಡಬೇಕೋ ತೆಗೀಬೇಕೋ ನೀನು ಹೇಳು. ಇಟ್ಟರೆ ಅದರ ಕೆಳಗೆ ನನ್ನ ಹೆಸರು ಬರುತ್ತೆ, ನಾನು ಯಾಕೆ ಕೂಗಿದೆ ಅನ್ನೋದೂ ಬರುತ್ತೆ. ತೆಗೆದರೂ ಎಲ್ಲರೆದುರು ಹೇಳ್ತೀನಿ. ಕ್ಷಮೆ ಕೇಳೋಕೆ ಮುಖ ಇಲ್ಲ.

ಲ್ಯಾಂಟೊಂಡೆಗೆ ಜನ ತುಂಬಿಕೊಂಡು ಹೋಗೋ ಟ್ಯಾಕ್ಸಿಯ ಡ್ರೈವರ್ ಕೈಗೆ ಕೊಟ್ಟೆ.

ಏಪ್ರಿಲ್ 6, ಶನಿವಾರ

ವಾಪಸು ಬಂತು. ಒಡೆದೇ ಇಲ್ಲ. "ಆಯಮ್ಮ ಹೆಸರು ನೋಡಿ ಮುಟ್ಟಲೇ ಇಲ್ಲ" ಅಂದ ಡ್ರೈವರ್. "ಚಹಾ ಕೊಟ್ರು ನನಗೆ. ಒಳ್ಳೆಯವರು. ಏನಾಗಿದೆ ನಿಮ್ಮಿಬ್ಬರಿಗೂ?"

ಏಪ್ರಿಲ್ 8, ಸೋಮವಾರ

ಲವುಲೆನ್ಸಿಯೊ ಮೇಷ್ಟ್ರ ಮನೆಗೆ ಹೋಗಿ ಮಂಡಿಯೂರಿ ಹೇಳಿದೆ. ಕಿವಿ ಮಂದ, ಎರಡು ಸಲ ಹೇಳಬೇಕಾಯ್ತು. ಒಂದು ಸಲ ಹೇಳೋದೇ ಕಷ್ಟ ಇತ್ತು. ಅಲ್ಲ ಅಂದರು. "ನನ್ನ ಕಣ್ಣಾರೆ ನೋಡಿದೀನಿ ಕಣಮ್ಮ." ಊರುಗೋಲು ಹಿಡಿಸಿ ಕರಕೊಂಡು ಬಂದೆ. ಸೆಮ್ಮಾಂಡ ಜೋರಾಗಿಟ್ಟು ಕೇಳಿಸಿದರು.

ಮೇಷ್ಟ್ರ ಬೆರಳು ಮೊದಲಿಂದಲೂ ತಾಳ ಹಾಕ್ತಿತ್ತು. ಕೊನೇ ಸ್ವರಕ್ಕೆ ಬಂದಾಗ ನಿಂತಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಅಷ್ಟು ಚೆನ್ನಾಗಿ ಹಿಡಿದಿದ್ದಾಳೆ ಸ್ವರಾನ" ಅಂದರು. "ನಾನು ಮೇಷ್ಟ್ರು. ನನ್ನ ಕಿವಿ ಕೇಳಬೇಕಿತ್ತು. ಕಣ್ಣು ನಂಬಿದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಮುಚ್ಚಿಟ್ಟೆ, ಸರಿ. ಹೊರಗೆ ಹಾಕಿದ್ದು ನಾನು, ಎಲ್ಲರೆದುರಿಗೆ. ಹೇಳೋದೂ ಎಲ್ಲರೆದುರಿಗೇ ಹೇಳಬೇಕು. ಗರಿ ಭಾನುವಾರದ ಪೂಜೆಯಲ್ಲಿ ನನ್ನ ಪಕ್ಕ ನಿಲ್ಲು."

ಏಪ್ರಿಲ್ 11, ಗುರುವಾರ

ಸೆಮ್ಮಾಂಡ ತಾವಾಗಿಯೇ ಲ್ಯಾಂಟೊಂಡೆಗೆ ಹೋದರು. ಕಾಗದವನ್ನೂ ತೆಗೆದುಕೊಂಡು ಹೋದರು. ಸಂಜೆ ಅಲ್ಲಿಂದಲೇ ಫೋನು.

"ಮೊದಲು ಬಾಗಿಲಲ್ಲೇ ನಿಲ್ಲಿಸಿದ್ರು ಅಕ್ಕ. ನಿಮ್ಮ ದನಿ ಒಡೆದಿಲ್ಲ, ಅದನ್ನ ತೋರಿಸೋಕೆ ಬಂದೆ ಅಂದೆ. ಒಳಗೆ ಕರೆದ್ರು."

"ಕೇಳಿದಳಾ?"

"ಎರಡು ಸಲ ಪೂರ್ತಿ ಕೇಳಿದ್ರು. ಮೂರನೇ ಸಲ ಎಡಗಡೆ ಮಾತ್ರ ಹಾಕಪ್ಪ ಅಂದ್ರು. ತಮ್ಮ ಸ್ವರದ ಜೊತೆ ತುಟಿ ಆಡಿಸ್ತಾ ಕೂತಿದ್ರು. ಮುಗಿದ ಮೇಲೆ ಗಂಡನ್ನ ಕರೆದು, ಬನ್ನಿ, ಇದು ನಾನು ಅಂತ ಅವರಿಗೂ ಕೇಳಿಸಿದ್ರು."

"ಕಾಗದ?"

"ಇಸ್ಕೊಂಡ್ರು. ನನ್ನ ಮುಂದೆ ಒಡೆಯಲಿಲ್ಲ. ಬುಧವಾರದ ಟ್ಯಾಕ್ಸಿಗೆ ಉತ್ತರ ಕೊಡ್ತೀನಿ, ಅಲ್ಲಿವರೆಗೂ ಅವಳು ಕಾಯಲಿ ಅಂದ್ರು."

ಕಾಯಲಿ ಅಂದಳಂತೆ. ಅಷ್ಟು ಕೇಳೋಕೂ ನನಗೆ ಯೋಗ್ಯತೆ ಇಲ್ಲ.

ಏಪ್ರಿಲ್ 14, ಗರಿ ಭಾನುವಾರ

ಹೇಳಿದೆ. ಮೇಷ್ಟ್ರು ಮೊದಲು ಹೇಳಿದರು, ಆಮೇಲೆ ನಾನು. ಚರ್ಚು ತುಂಬ ಜನ, ಕೈಲಿ ಗರಿ. ಐದು ಮಾತಲ್ಲಿ ಮುಗೀತು. ಮುಂದಿನ ಸಾಲಿನ ಮುದುಕಿಯೊಬ್ಬಳು ತನಗೆ ತಾನೇ ಹೇಳ್ಕೊಳ್ಳೋ ಹಾಗೆ, "ನಾವ್ಯಾರೂ ಆ ಹುಡುಗಿಗೆ ಒಂದು ಲೋಟ ನೀರು ಕೊಡಲಿಲ್ಲ" ಅಂದಳು.

ನನ್ನ ಜಾಗಕ್ಕೆ ಬಂದು ಕೂತಾಗ ಪಕ್ಕದವಳು ಬಟ್ಟೆ ಎಳೆದುಕೊಂಡು ಅತ್ತ ಸರಿದಳು. ಸರಿಯಲಿ. ಪೆರೆ ಪಕ್ಕದಿಂದ ಇಡೀ ಊರು ಸರಿದಿತ್ತು.

ಏಪ್ರಿಲ್ 17, ಬುಧವಾರ

ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇದು ಉಪವಾಸ ಅಲ್ಲ, ಹಾಗಂತ ಹೇಳ್ಕೊಳ್ಳಲ್ಲ.

ನಾಳೆ ಸೆಮ್ಮಾಂಡ ಟೇಪು ಕೊಡಬೇಕು. ಎರಡೂ ಅವರ ಚೀಲದಲ್ಲಿವೆ. ಅವಳು ಇಡಿ ಅಂದರೆ ನಾಡಿನ ಸಾವಿಗೆಲ್ಲ ನನ್ನ ಹೆಸರು. ತೆಗೀರಿ ಅಂದರೆ ಅಣ್ಣನಿಗಾಗಿ ನಾನು ಅತ್ತ ಒಂದೇ ಅಳು ಅದು, ಅದೂ ಹೋಗುತ್ತೆ. ಹೋಗಲಿ. ಅವಳದ್ದೇ ಮಾತು.

ಮೂರೂವರೆ

ಟ್ಯಾಕ್ಸಿ ನಿಲ್ಲೋ ಕಡೆಗೆ ಹೊರಟೆ. ಕಾಫಿತೋಟದ ತಿರುವು ತನಕ ಹೋದೆ. ವಾಪಸು ಬಂದು ಕೂತಿದ್ದೀ­ನಿ. ಉತ್ತರ ಇಲ್ಲ ಅಂತ ಡ್ರೈವರ್ ಕೈ ಆಡಿಸಿದರೆ, ಅಷ್ಟು ಜನರ ನಡುವೆ ಹೇಗೆ ನಿಲ್ಲಲಿ.

ನಾಲ್ಕಕ್ಕೆ ಹತ್ತು ನಿಮಿಷ

ಕೆಳಗೆ ಹಾರ್ನ್. ಬಂತು. ತೆರೆಸ ಅಂಗಳದಲ್ಲಿದ್ದಾಳೆ, ಕಿಟಕಿಯಿಂದ ಹೇಳ್ತಿದ್ದೀನಿ, ಕೈ ಮಾತ್ರ ಬರೆಯೋದು ಬಿಡ್ತಿಲ್ಲ — ತೆರೆಸ, ನೀನೇ ಹೋಗಿ ಅವಳ ಉತ್ತರ ಇಸ್ಕೊಂಡು ಬಾ ತಾಯಿ. ಕಾಗದ ಕೊಡದೆ ಬಾಯಿಮಾತಲ್ಲಿ ಹೇಳಿಕಳಿಸಿದ್ರೆ ಅದನ್ನೂ ತಗೊಂಡು ಬಾ. ಬೈದಿದ್ರೂ ಸರಿ, ನನ್ನ ಮುಖ ನೋಡಿ ಒಂದು ಮಾತೂ ಕಮ್ಮಿ ಮಾಡಬೇಡ, ಅವಳು ಹೇಗೆ ಅಂದಳೋ ಹಾಗೇ ಹೇಳು.